ಗಾಳಿಯ ತೋರಣ

ಕಳೆದ ವೈಶಾಖಮಾಸದಲ್ಲಿ ನಮ್ಮ ಮೊಮ್ಮಗಳಿಗೆ ವರ್ಷ ತುಂಬಿತು. ಬಂಗಾರಪೇಟೆಯ ಒಂದು ಕಲ್ಯಾಣಮಂಟಪದಲ್ಲಿ ಬಂಧುಮಿತ್ರರನ್ನು ಕರೆದು ಆ ದಿನವನ್ನು ಆಚರಿಸಬೇಕೆಂದು ಮಗನೂ ಸೊಸೆಯೂ ನಿಶ್ಚಯಿಸಿದರು. ಬಾಗಿಲಿಗೆ ಎರಡು ಬಾಳೆಕಂದು, ಒಂದು ಸರ ಮಾವಿನೆಲೆ, ಹೊಸಿಲ ಮುಂದೆ ರಂಗವಲ್ಲಿ, ಇಷ್ಟಾದರೆ ಮಂಗಳಕಾರ್ಯಕ್ಕೆ ಸಾಕೆಂಬುದು ನಮ್ಮ ಎಣಿಕೆಯಾಗಿತ್ತು. ಆದರೆ ಸೊಸೆಯು, "ಮಾವ, ಬಲೂನಿನವರಿಗೆ ಆಗಲೇ ಮುಂಗಡ ಕೊಟ್ಟಾಯಿತು," ಎಂದು ಬಹು ವಿನಯದಿಂದ ತಿಳಿಸಿದಳು. ವಿನಯದಿಂದ ಆಡಿದ ಮಾತಿಗೆ ಎದುರು ಹೇಳುವುದು ಕಷ್ಟ. "ಗಾಳಿಗೂ ದುಡ್ಡು ಕೊಡುವ ಕಾಲ ಬಂತಲ್ಲ!" ಎಂದು ನಾವು ಗೊಣಗಿದುದನ್ನು ಕೇಳಿದವರು ನಮ್ಮ ಮನೆಯವರೊಬ್ಬರೇ. ಅವರು, "ನೀವು ಮೂವತ್ತು ವರ್ಷ ಬಾಯಿಂದ ಪಾಠ ಹೇಳಿ ಸಂಬಳ ತಂದಿರಿ, ಅದೇನು ಗಾಳಿಯಲ್ಲವೆ?" ಎಂದುಬಿಟ್ಟರು.

ಆ ದಿನ ಮಂಟಪದಲ್ಲಿ ಸಾಮಾನು ಕಾಯುವ ಕೆಲಸವು ನಮ್ಮ ಪಾಲಿಗೆ ಬಂದಿತು. ವಿಶ್ರಾಂತರಾದ ಉಪಾಧ್ಯಾಯರಿಗೆ ಇಂತಹ ಕೆಲಸಗಳು ತಾವಾಗಿಯೇ ಒದಗುವುವು. ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಒಂದು ಕುರ್ಚಿಯಲ್ಲಿ ಕುಳಿತು ಕಂಡುದನ್ನೂ, ಅನಂತರ ವಿಚಾರಿಸಿ ತಿಳಿದುದನ್ನೂ ವಾಚಕರ ಮುಂದಿಡಬೇಕೆಂದು ತೋರಿದೆ. ಏಕೆಂದರೆ ಈ ಬಲೂನುಗಳು ಈಗ ಯಾವ ಗೃಹಸ್ಥನ ಬಾಗಿಲನ್ನೂ ಬಿಟ್ಟಿಲ್ಲ. ಅವುಗಳಲ್ಲಿ ಒಂದು ಬಗೆಯಾದರೋ ಮನೆಯೊಳಗೆ ಬರತಕ್ಕದ್ದೇ ಅಲ್ಲ.

ನಾವು ಶಾಲೆಯಲ್ಲಿದ್ದಾಗ ಅಲಂಕಾರವೆಂದರೆ ಬಣ್ಣದ ಕಾಗದ. ರಾಜ್ಯೋತ್ಸವಕ್ಕೋ ಸ್ವಾತಂತ್ರ್ಯದಿನಕ್ಕೋ ಹಿಂದಿನ ಸಂಜೆ ಮಕ್ಕಳೊಡನೆ ಕುಳಿತು, ಕಾಗದವನ್ನು ಮುಮ್ಮೂಲೆಯಾಗಿ ಕತ್ತರಿಸಿ, ಮೈದಾಹಿಟ್ಟನ್ನು ಕುದಿಸಿ ಮಾಡಿದ ಅಂಟಿನಿಂದ ಹುರಿಗೆ ಹಚ್ಚಿ, ಕಂಬದಿಂದ ಕಂಬಕ್ಕೆ ಕಟ್ಟುತ್ತಿದ್ದೆವು. ರಾತ್ರಿ ಇಲಿಗಳು ಬಂದು ಅಂಟಿನ ಸಮೇತ ತೋರಣವನ್ನು ತಿಂದುಹೋದ ವರ್ಷವೂ ಉಂಟು. ಬಲೂನು, ನಮ್ಮ ಬಾಲ್ಯದ ಮಾತಿನಲ್ಲಿ ಪುಗ್ಗೆ, ಜಾತ್ರೆಯಲ್ಲಿ ಕೋಲಿಗೆ ಕಟ್ಟಿ ಮಾರುವ ಪದಾರ್ಥವಾಗಿತ್ತು. ಅದು ಮನೆ ಸೇರುವುದರೊಳಗೆ ಒಡೆಯುತ್ತಿತ್ತು. ಒಡೆದ ಚೂರನ್ನು ಬಾಯಲ್ಲಿ ಹೀರಿ, ಚಿಕ್ಕ ಗುಳ್ಳೆಮಾಡಿ, ಗೆಳೆಯನ ಹಣೆಗೆ ಹೊಡೆದು 'ಟಪ್' ಎನ್ನಿಸುವುದರೊಡನೆ ಅದರ ಆಯುಸ್ಸು ಮುಗಿಯುತ್ತಿತ್ತು. ಈ ಆಟವು ಎಷ್ಟು ಕೆಟ್ಟದ್ದೆಂಬುದನ್ನು ಮುಂದೆ ಹೇಳುವೆವು.

'ಅಲಂಕಾರ' ಎಂಬ ಶಬ್ದವನ್ನು ಎಲ್ಲರೂ ಬಳಸುವರು. ಬಿಡಿಸಿ ನೋಡುವವರು ಕಡಮೆ. 'ಅಲಂ' ಎಂದರೆ ಸಾಕು ಎಂದು ಅರ್ಥ. 'ಕಾರ' ಎಂದರೆ ಮಾಡುವುದು. ಆದಕಾರಣ ಸಾಲುವಂತೆ ಮಾಡುವುದೇ ಅಲಂಕಾರ. ಬರಿಯ ಗೋಡೆಯ ಹಜಾರವು ಅತಿಥಿಗಳ ಬರವಿಗೆ ಇನ್ನೂ ಸಾಲದು, ಅದನ್ನು ಸಾಲುವಂತೆ ಮಾಡಬೇಕು ಎಂಬ ಭಾವ ಈ ಶಬ್ದದಲ್ಲಿ ಅಡಗಿದೆ. ವ್ಯಾಕರಣದಲ್ಲಿ ಇದಕ್ಕೆ ಇನ್ನೊಂದು ವಿನೋದವುಂಟು. 'ಅಲಂ' ಎಂಬುದು ಚತುರ್ಥೀ ವಿಭಕ್ತಿಯೊಡನೆ ಸೇರಿದರೆ 'ಇದಕ್ಕೆ ಸಮರ್ಥ' ಎಂದಾಗುವುದು. ತೃತೀಯೆಯೊಡನೆ ಸೇರಿದರೆ 'ಇನ್ನು ಬೇಡ, ನಿಲ್ಲಿಸು' ಎಂದಾಗುವುದು. ಶಬ್ದ ಒಂದೇ, ವಿಭಕ್ತಿ ಮಾತ್ರ ಬೇರೆ. ಬಲೂನಿನವರು ಬರುವವರೆಗೂ ನಮ್ಮ ಮನಸ್ಸು ತೃತೀಯೆಯಲ್ಲಿಯೇ ಇದ್ದಿತೆಂದು ಒಪ್ಪಿಕೊಳ್ಳುವೆವು.

ಹತ್ತು ಗಂಟೆಗೆ ರಾಬರ್ಟ್‌ಸನ್‌ಪೇಟೆಯಿಂದ ಮೂವರು ತರುಣರು ಎರಡು ಮೋಟಾರ್ ಸೈಕಲ್ಲುಗಳಲ್ಲಿ ಬಂದಿಳಿದರು. ತಮ್ಮತಮ್ಮಲ್ಲಿ ತಮಿಳು, ನಮ್ಮೊಡನೆ ಕನ್ನಡ, ಅಡಿಗೆಯವರೊಡನೆ ತೆಲುಗು. ನಮ್ಮ ಕೋಲಾರದ ಸೀಮೆಯ ಮಕ್ಕಳಿಗೆ ಇದು ಉಸಿರಾಟದಷ್ಟು ಸಹಜ. ಅವರ ಸಾಮಗ್ರಿಯನ್ನು ನೋಡಿ ನಮಗೆ ಆಶ್ಚರ್ಯವಾಯಿತು. ಬಿಚ್ಚಿ ಜೋಡಿಸುವ ನಾಲ್ಕಾರು ಕಬ್ಬಿಣದ ಕೊಳವೆಗಳು, ಎರಡು ಮೂತಿಗಳುಳ್ಳ ವಿದ್ಯುತ್ತಿನ ಗಾಳಿಯಂತ್ರ, ಒಂದು ರಟ್ಟಿನ ಪೆಟ್ಟಿಗೆ, ಮೀನುಗಾರರು ಬಳಸುವ ನೈಲಾನ್ ದಾರ, ಒಂದು ಬಟ್ಟೆಯ ಚೀಲ. ಆರುನೂರು ಮಂದಿ ಕೂರುವ ಮಂಟಪದ ವೇದಿಕೆಯನ್ನು ತುಂಬಬೇಕಾದ ಅಲಂಕಾರವೆಲ್ಲವೂ ಆ ಚೀಲದೊಳಗೆ ಅಕ್ಕಿಯ ಹಾಗೆ ಅಡಗಿ ಬಂದಿತ್ತು.

ಬಲೂನನ್ನು ಊದುವುದು ಮಕ್ಕಳ ಕೆಲಸವೆಂದು ತಿಳಿದಿದ್ದೆವು. ಒಂದೇ ಅಳತೆಗೆ ಇನ್ನೂರು ಬಲೂನುಗಳನ್ನು ಊದುವುದು ಮಕ್ಕಳ ಕೆಲಸವಲ್ಲ. ರಟ್ಟಿನ ಪೆಟ್ಟಿಗೆಯ ಪಕ್ಕಗಳಲ್ಲಿ ಐದು, ಏಳು, ಒಂಬತ್ತು, ಹನ್ನೊಂದು ಅಂಗುಲದ ದುಂಡು ರಂಧ್ರಗಳನ್ನು ಕೊರೆದಿದ್ದರು. ಬಲೂನನ್ನು ಕೊಂಚ ಹೆಚ್ಚಾಗಿಯೇ ಊದಿ, ರಂಧ್ರಕ್ಕೆ ಹಿಡಿದು, ನುಸುಳಿ ಹೋಗುವಷ್ಟಾಗುವವರೆಗೆ ಗಾಳಿಯನ್ನು ಬಿಡುವುದು ಅವರ ಕ್ರಮ. ಹತ್ತಂಗುಲದ ಬಲೂನನ್ನು ಒಂಬತ್ತಕ್ಕೇ ನಿಲ್ಲಿಸುವರು. "ಏಕಪ್ಪಾ, ಕೊಟ್ಟ ಹಣಕ್ಕೆ ಒಂದಂಗುಲ ಕಡಮೆಯೆ?" ಎಂದು ಕೇಳಿದೆವು. ಹಿರಿಯವನು ಎರಡು ಬಲೂನುಗಳನ್ನು ತೋರಿಸಿದನು. ತುಂಬ ಊದಿದುದು ಕುತ್ತಿಗೆಯ ಕಡೆಗೆ ಉದ್ದವಾಗಿ ಸೋರೆಬುರುಡೆಯಂತಿದ್ದಿತು; ಮಿತವಾಗಿ ಊದಿದುದು ಕಿತ್ತಳೆಯಂತೆ ದುಂಡಗಿದ್ದಿತು. ಅಲ್ಲದೆ ವೈಶಾಖದ ಬಿಸಿಲಿನಲ್ಲಿ ಗಾಳಿಯು ಹಿಗ್ಗುವುದಷ್ಟೆ. ಶಾಖವು ಇಪ್ಪತ್ತು ಡಿಗ್ರಿ ಏರಿದರೆ ಒಳಗಿನ ಗಾಳಿ ನೂರಕ್ಕೆ ಸುಮಾರು ಏಳರಷ್ಟು ಹೆಚ್ಚು ಸ್ಥಳವನ್ನು ಕೇಳುವುದು. ಮೊದಲೇ ಬಿಗಿದ ರಬ್ಬರು ಅಷ್ಟನ್ನೂ ಕೊಡಲಾರದೆ ಒಡೆಯುವುದು. ತಂಪಾದ ಹಜಾರದಲ್ಲಿ ಊದಿದ ಬಲೂನನ್ನು ಬಿಸಿಲಿಗೆ ಒಯ್ದು ಕಟ್ಟಿದವರು ಒಂದು ಗಂಟೆಯೊಳಗೆ ಪಟಾಕಿಯಂಗಡಿಯ ಸದ್ದನ್ನು ಕೇಳಬೇಕಾಗುವುದು.

ಮೊದಲ ಉಸಿರಿಗೆ ಬಲೂನು ಹಟಮಾಡುವುದನ್ನು ಊದಿದವರೆಲ್ಲರೂ ಬಲ್ಲರು. ಕೊಂಚ ಉಬ್ಬಿದ ಮೇಲೆ ಅದು ಮೆತ್ತಗಾಗಿ ಒಲಿಯುವುದು. ಚಿಕ್ಕದಾಗಿದ್ದಾಗ ಅದರ ಮೈಯ ಬಾಗು ಹೆಚ್ಚು. ಬಾಗು ಹೆಚ್ಚಿದಷ್ಟೂ ಒಳಗಿನ ಒತ್ತಡ ಹೆಚ್ಚು. ನಾವು ಸಂಸ್ಕೃತದವರಾದರೂ ವಿಜ್ಞಾನದ ಮೇಷ್ಟ್ರು ರಜೆಯಲ್ಲಿದ್ದ ದಿನ ಆ ತರಗತಿಯೂ ನಮ್ಮ ತಲೆಗೇ ಬರುತ್ತಿದ್ದಿತು. ಆಗ ಒಂದು ಚಿಕ್ಕ ಬಲೂನನ್ನೂ ಒಂದು ದೊಡ್ಡ ಬಲೂನನ್ನೂ ಒಂದೇ ಕೊಳವೆಯ ಎರಡು ತುದಿಗಳಿಗೆ ಸಿಕ್ಕಿಸಿ ತೋರಿಸುತ್ತಿದ್ದೆವು. ಎರಡೂ ಸಮವಾಗುವುವೆಂದು ಮಕ್ಕಳು ಹೇಳುವರು, ನಡೆಯುವುದು ಬೇರೆ. ಚಿಕ್ಕದು ತನ್ನ ಗಾಳಿಯನ್ನೂ ದೊಡ್ಡದಕ್ಕೆ ಕೊಟ್ಟು ಬಾಡಿಹೋಗುವುದು. "ನಮ್ಮೂರ ಸಾಹುಕಾರರ ಹಾಗೆಯೇ ಸಾರ್," ಎಂದು ಹಿಂದಿನ ಬೆಂಚಿನ ಹುಡುಗನೊಬ್ಬನು ಅಂದಿದ್ದನು. ಪಾಠದಲ್ಲಿಲ್ಲದ ಮಾತಾದುದರಿಂದ ನಾವು ಕೇಳಿಸಿಕೊಳ್ಳದಂತೆ ಇದ್ದೆವು.

ಇನ್ನು ಕಟ್ಟುವ ಬಗೆ. ಎರಡು ಬಲೂನುಗಳ ಕುತ್ತಿಗೆಗಳನ್ನು ಒಂದಕ್ಕೊಂದು ಗಂಟಿಕ್ಕಿದರೆ ಒಂದು ಜೋಡಿ. ಎರಡು ಜೋಡಿಗಳನ್ನು ಅಡ್ಡಲಾಗಿಟ್ಟು ಒಂದು ಸುತ್ತು ತಿರುಚಿದರೆ ನಾಲ್ಕರ ಗೊಂಚಲು. ಈ ಗೊಂಚಲೇ ಎಲ್ಲಕ್ಕೂ ಮೂಲ. ಗೊಂಚಲುಗಳನ್ನು ಕೊಳವೆಯ ಮೇಲೆ ಒಂದರ ಸಂದಿಗೆ ಒಂದು ಕೂರುವಂತೆ ಒತ್ತುತ್ತ ಹೋದರೆ ಕಂಬವಾಗುವುದು; ಬಾಗಿಸಿದ ಸರಳಿನ ಮೇಲೆ ಒತ್ತಿದರೆ ಕಮಾನಾಗುವುದು. ಪ್ರತಿ ಗೊಂಚಲಿನಲ್ಲಿಯೂ ಬಣ್ಣಗಳ ಅನುಕ್ರಮವನ್ನು ತಪ್ಪದೆ ಇಟ್ಟರೆ, ಯಾರೂ ಬರೆಯದೆ ತಾನಾಗಿಯೇ ಒಂದು ಬಣ್ಣದ ಬಳ್ಳಿಯು ಕಂಬವನ್ನು ಸುತ್ತಿಕೊಂಡು ಮೇಲೇರುವುದು. ಗೃಹಿಣಿಯರು ಮಲ್ಲಿಗೆ ಕನಕಾಂಬರಗಳನ್ನು ಎಣಿಸಿ ದಂಡೆ ಕಟ್ಟುವುದಕ್ಕೂ ಇದಕ್ಕೂ ಕೈಚಳಕದಲ್ಲಿ ಭೇದವಿಲ್ಲ. ಈಚೆಗೆ ಸಮವಾದ ಕಮಾನಿಗಿಂತ ಸಣ್ಣದು ದೊಡ್ಡದು ಬೆರೆತು ಹೊಳೆಯಂತೆ ಇಳಿಯುವ ಮಾಲೆಯನ್ನೇ ಜನ ಬಯಸುವರಂತೆ. ಅದು ನೋಡುವುದಕ್ಕೆ ಅಸ್ತವ್ಯಸ್ತ; ಮಾಡುವುದು ಮಾತ್ರ ಹೆಚ್ಚು ಕಷ್ಟ. ಎಲ್ಲಿ ಐದಂಗುಲದ್ದನ್ನು ಸಿಕ್ಕಿಸಿದರೆ ಕಣ್ಣಿಗೆ ಬಿಡುವು ಸಿಕ್ಕುವುದೆಂದು ಹಿರಿಯವನು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ, ಮುಂದೆ ಬಂದು, ಮತ್ತೆ ಹಿಂದೆ ಸರಿದು, ಹೀಗೆ ಮಧ್ಯಾಹ್ನವೆಲ್ಲ ನಡೆದನು. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಲಿಲ್ಲ.

ಕೆಲಸದ ನಡುವೆ ಕಿರಿಯವನ ಕೈಯಲ್ಲಿ ಒಂದು ಬಲೂನು ಒಡೆಯಿತು. ಖಾಲಿ ಮಂಟಪದಲ್ಲಿ ಆ ಸದ್ದು ಎರಡು ಬಾರಿ ಕೇಳಿಸಿತು. ಹಿರಿಯವನು ಮುಖ ಸಿಂಡರಿಸಿಕೊಂಡು ತಮಿಳಿನಲ್ಲಿ ಏನೋ ಗದರಿದನು. ಒಂದು ಬಲೂನಿಗೆ ಇಷ್ಟು ಕೋಪವೇಕೆಂದು ನಾವು ಕೇಳಿದೆವು. "ನಷ್ಟಕ್ಕಲ್ಲ ಸಾರ್. ನಮ್ಮಪ್ಪನಿಗೆ ಆ ಸದ್ದು ಆಗೋದಿಲ್ಲ. ಮನೇಲಿ ಅಭ್ಯಾಸವಾಗಿಹೋಗಿದೆ," ಎಂದನು.

ಆತನ ತಂದೆಯು ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸಮಾಡಿದವರು. ವಾಚಕರಲ್ಲಿ ಅನೇಕರಿಗೆ ಚಿನ್ನದ ಗಣಿಯೆಂದರೆ ಚಿನ್ನವೊಂದೇ ನೆನಪಾಗುವುದು. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿಯವರ ಕೈಸೇರಿ, ೨೦೦೧ರ ಫೆಬ್ರವರಿ ೨೮ರಂದು ಮುಚ್ಚುವವರೆಗೆ ಆ ನೆಲದಿಂದ ೮೦೦ ಟನ್ನಿಗೂ ಮಿಗಿಲಾದ ಚಿನ್ನ ಹೊರಟಿತೆಂದು ಲೆಕ್ಕವಿದೆ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ೯೨ ಮೈಲಿಗಳ ತಂತಿಯ ಮೇಲೆ ಅಲ್ಲಿಗೆ ಬಂದಿತು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದುದು ಅದಾದ ಮೂರು ವರ್ಷಕ್ಕೆ. ಆದರೆ ಆ ಗಣಿಗೆ ಚಿನ್ನದಷ್ಟೇ ಮುಖ್ಯವಾದ ಇನ್ನೊಂದು ಪದಾರ್ಥವಿದ್ದಿತು, ಅದು ಗಾಳಿ. ಮೂರು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ ಬಂಡೆಯ ಶಾಖ ೬೦ ಡಿಗ್ರಿಯನ್ನು ಮೀರಿತ್ತು. ಮೇಲಿನಿಂದ ಯಂತ್ರಗಳು ಗಾಳಿಯನ್ನು ತಳ್ಳದಿದ್ದರೆ ಕೆಳಗೆ ಮನುಷ್ಯನು ನಿಲ್ಲುವಂತಿರಲಿಲ್ಲ. ಬಂಡೆ ಕೊರೆಯುವ ಯಂತ್ರಗಳನ್ನು ನಡೆಯಿಸುತ್ತಿದ್ದುದೂ ಒತ್ತಿ ತುಂಬಿದ ಗಾಳಿಯೇ.

ಅಷ್ಟು ಆಳದ ಬಂಡೆಯು ಮೇಲಿನ ಭಾರವನ್ನು ತಡೆಯಲಾರದೆ ಒಮ್ಮೊಮ್ಮೆ ಸಿಡಿಯುವುದುಂಟು. ಕೋಲಾರದ ಗಣಿಗಳು ಇಂತಹ ಸಿಡಿತಗಳಿಗೆ ಪ್ರಪಂಚದಲ್ಲಿಯೇ ಹೆಸರಾಗಿದ್ದುವು; ಹಿಂದಿನವರು ಅದನ್ನು 'ಏರ್ ಬ್ಲಾಸ್ಟ್' ಎನ್ನುತ್ತಿದ್ದರು. ಮೇಲೆ ಮನೆಗಳ ಪಾತ್ರೆಗಳು ಅಲುಗುವುವು. ಕೆಳಗೆ ಯಾರಿದ್ದರೋ ಎಂದು ಹೆಂಗಸರು ಬಾಗಿಲಿಗೆ ಬಂದು ನಿಲ್ಲುವರು. ಈ ತರುಣನ ತಂದೆಯು ಅಂತಹ ಒಂದು ಸಿಡಿತದಲ್ಲಿ ಬದುಕಿ ಬಂದವರು, ಜೊತೆಗಿದ್ದವರೊಬ್ಬರು ಬರಲಿಲ್ಲ. ಬಹಳ ವರ್ಷಗಳಾದ ಮೇಲೆ, ಮಗನು ಈ ವೃತ್ತಿಯನ್ನು ಹಿಡಿದ ಹೊಸತರಲ್ಲಿ, ಮನೆಯಲ್ಲಿ ಒಂದು ಬಲೂನು ಒಡೆಯಿತು. ಮುದುಕರು ಊಟದ ತಟ್ಟೆಯನ್ನು ಬಿಟ್ಟು, ಗೋಡೆಗೆ ಒತ್ತಿಕೊಂಡು, ತಲೆಯ ಮೇಲೆ ಎರಡು ಕೈಗಳನ್ನೂ ಇಟ್ಟುಕೊಂಡು ಕುಳಿತುಬಿಟ್ಟರಂತೆ.

ಗಣಿ ಮುಚ್ಚಿದಾಗ ಈತನು ತೊಟ್ಟಿಲು ಬಿಟ್ಟು ನಡೆಯಲು ಕಲಿತ ಮಗು. ಆ ಊರಿನ ಮಕ್ಕಳಿಗೆ ಅಂದಿನಿಂದ ತೆರೆದಿದ್ದ ದೊಡ್ಡ ದಾರಿಯೆಂದರೆ ರೈಲು. ಒಂದು ಕಾಲಕ್ಕೆ ಬೌರಿಂಗ್‌ಪೇಟೆಯೆನಿಸಿದ್ದ ಈ ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ಹತ್ತು ಮೈಲಿಯ ಕವಲುದಾರಿಯನ್ನು ಗಣಿಗೆಂದೇ ಹಾಕಿದರು. ಈಗ ಅದೇ ದಾರಿಯಲ್ಲಿ ಮುಂಜಾನೆ ಸಾವಿರಾರು ಮಂದಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಹಿಂದಿರುಗುವರು. ಮೂವರಲ್ಲಿ ನಡುವಣವನು ಆರು ವರ್ಷ ಹಾಗೆ ಓಡಾಡಿದವನು. ತನ್ನ ಮಗುವು ಎಚ್ಚರವಾಗಿರುವುದನ್ನು ಭಾನುವಾರ ಮಾತ್ರ ಕಾಣುತ್ತಿದ್ದೆನೆಂದೂ, ಈಗ ದಿನವೂ ಕಾಣುವೆನೆಂದೂ ಹೇಳಿದನು. ಆದಾಯವು ಹೆಚ್ಚಿತೆ ಎಂದು ಕೇಳಿದ್ದಕ್ಕೆ ನಕ್ಕನು. ನಾವು ಮತ್ತೆ ಕೇಳಲಿಲ್ಲ. ಆಷಾಢದಲ್ಲಿ ಮದುವೆಗಳು ನಿಂತರೆ ಇವರ ಗತಿಯೇನೆಂದು ಕೇಳಿದಾಗ ಮಾತ್ರ ಆತನು ಕೊಟ್ಟ ಉತ್ತರ ನಮಗೆ ಹಿಡಿಸಿತು: "ಹುಟ್ಟಿದ ದಿನ ಪಂಚಾಂಗ ನೋಡೋದಿಲ್ಲವಲ್ಲ ಸಾರ್." ಮಾರ್ಗಶಿರ ಬಂದರೆ ಕೆ.ಜಿ.ಎಫ್.ನ ಇಗರ್ಜಿಗಳಲ್ಲಿ ಕ್ರಿಸ್‌ಮಸ್ಸು; ಆಗ ಇವರಿಗೆ ನಿದ್ರೆಗೂ ಬಿಡುವಿಲ್ಲವಂತೆ.

ಈ ಬಲೂನಿನ ವಂಶಚರಿತ್ರೆಯನ್ನು ಹೇಳದೆ ಮುಂದೆ ಹೋಗಲಾಗದು, ಏಕೆಂದರೆ ಅದರ ಹುಟ್ಟಿನಲ್ಲಿಯೇ ಅದರ ಅಪಾಯವೂ ಇದೆ. ೧೮೨೪ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೇಲ್ ಫ್ಯಾರಡೆಯು ಎರಡು ರಬ್ಬರು ಹಾಳೆಗಳನ್ನು ಒಂದರ ಮೇಲೊಂದಿಟ್ಟು, ಅಂಚುಗಳನ್ನು ಒತ್ತಿ ಕೂಡಿಸಿ, ಒಳಮೈ ಅಂಟದಿರಲೆಂದು ಹಿಟ್ಟು ಸವರಿ, ಮೊದಲ ರಬ್ಬರು ಬಲೂನನ್ನು ಮಾಡಿದರು. ಇಂದಿನ ಬಲೂನಿನೊಳಗೂ ಕೈಗೆ ಹತ್ತುವ ಒಂದು ಪುಡಿಯಿರುವುದನ್ನು ವಾಚಕರು ನೋಡಿರಬಹುದು. ಫ್ಯಾರಡೆಯವರಿಗೆ ಬೇಕಾಗಿದ್ದುದು ಆಟವಲ್ಲ. ಜಲಜನಕವೆಂಬ ಅನಿಲವನ್ನು ಹಿಡಿದಿಡಲು ಒಂದು ಚೀಲ. ೧೮೩೯ರಲ್ಲಿ ಗುಡ್‌ಇಯರ್ ಎಂಬವರು ಗಂಧಕವನ್ನು ಸೇರಿಸಿ ಕಾಯಿಸಿ ರಬ್ಬರನ್ನು ಗಟ್ಟಿಗೊಳಿಸುವ ಉಪಾಯವನ್ನು ಕಂಡರು. ೧೯೩೧ರಲ್ಲಿ ಅಮೆರಿಕದ ಟಿಲಟ್‌ಸನ್ ಎಂಬ ತರುಣರು ರಟ್ಟನ್ನು ಬೆಕ್ಕಿನ ತಲೆಯ ಆಕಾರಕ್ಕೆ ಕತ್ತರಿಸಿ, ರಬ್ಬರು ಮರದ ಹಾಲಿನಲ್ಲಿ ಅದ್ದಿ ಒಣಗಿಸಿ, ಕಿವಿಗಳುಳ್ಳ ಬಲೂನನ್ನು ಮಾಡಿದರು. ಅದ್ದಿ ತೆಗೆಯುವ ಈ ಕ್ರಮವೇ ಇಂದು ಕಾರ್ಖಾನೆಗಳಲ್ಲಿ ನಡೆಯುವುದು. ನಮ್ಮ ಸುಳ್ಯ ಪುತ್ತೂರುಗಳ ಗುಡ್ಡಗಳಲ್ಲಿ ಬೆಳಗಿನ ಜಾವ ತೊಗಟೆಯನ್ನು ಗೀರಿ ಚಿಪ್ಪಿನಲ್ಲಿ ಹಿಡಿಯುವ ಹಾಲೂ ಈ ಜಾತಿಯದೇ.

ಬಾಯಿಂದಲೋ ಯಂತ್ರದಿಂದಲೋ ತುಂಬಿದ ಬರಿಯ ಗಾಳಿಯ ಬಲೂನು ಮೇಲೇರದು. ಚಾವಣಿಗೆ ತಾಗಿ ನಿಲ್ಲುವ, ದಾರ ಬಿಟ್ಟರೆ ಆಕಾಶಕ್ಕೆ ಹೋಗುವ ಬಲೂನು ಬೇರೆ. ಅದರೊಳಗೆ ಗಾಳಿಗಿಂತ ಹಗುರವಾದ ಅನಿಲವಿರಬೇಕು. ಅಂತಹವು ಬಳಕೆಯಲ್ಲಿ ಎರಡು: ಒಂದು ಹೀಲಿಯಂ, ಇನ್ನೊಂದು ಜಲಜನಕ. ೧೮೬೮ರ ಆಗಸ್ಟ್ ೧೮ರ ಪೂರ್ಣ ಸೂರ್ಯಗ್ರಹಣವನ್ನು ಫ್ರಾನ್ಸಿನ ಜಾನ್ಸೆನ್ ಎಂಬ ವಿದ್ವಾಂಸರು ನಮ್ಮ ಪಕ್ಕದ ಆಂಧ್ರದ ಗುಂಟೂರಿನಲ್ಲಿ ನಿಂತು ನೋಡಿದರು; ಅದೇ ವರ್ಷ ಇಂಗ್ಲೆಂಡಿನ ಲಾಕಿಯರ್ ಸೂರ್ಯನ ಬೆಳಕಿನಲ್ಲಿ ಭೂಮಿಯ ಯಾವ ಪದಾರ್ಥಕ್ಕೂ ಹೊಂದದ ಒಂದು ಹಳದಿ ಗೆರೆಯನ್ನು ಗುರುತಿಸಿ, ಗ್ರೀಕರ ಭಾಷೆಯಲ್ಲಿ ಸೂರ್ಯನ ಹೆಸರಾದ 'ಹೀಲಿಯಾಸ್' ಎಂಬುದರಿಂದ ಅದಕ್ಕೆ ಹೆಸರಿಟ್ಟರು. ೧೮೯೫ರಲ್ಲಿ ರ‍್ಯಾಮ್ಸೆಯವರು ಅದನ್ನು ಭೂಮಿಯ ಮೇಲೆ ಕಂಡರು. ಹೀಲಿಯಂ ಯಾವುದರೊಡನೆಯೂ ಬೆರೆಯದ, ಉರಿಯದ ಸಾಧು ಅನಿಲ. ಆದರೆ ನಮ್ಮ ದೇಶಕ್ಕೆ ಬಹುಮಟ್ಟಿಗೆ ಹೊರಗಿನಿಂದಲೇ ಬರಬೇಕಾದುದರಿಂದ ಬೆಲೆ ಹೆಚ್ಚು. ಹನ್ನೊಂದಂಗುಲದ ಬಲೂನಿಗೆ ಸುಮಾರು ೧೪ ಲೀಟರ್ ಹಿಡಿಯುವುದು. ಅಷ್ಟಕ್ಕೂ ಅದು ಎತ್ತುವ ಭಾರ, ರಬ್ಬರಿನ ತೂಕವನ್ನು ಕಳೆದರೆ, ಹತ್ತು ಗ್ರಾಮಿನ ಆಸುಪಾಸು. ಒಂದು ನಿಂಬೆಯ ಹಣ್ಣನ್ನೂ ಅದು ಎತ್ತಲಾರದು. ಒಂದು ರಾತ್ರಿ ಕಳೆಯುವುದರೊಳಗೆ ಅನಿಲವು ರಬ್ಬರಿನ ಮೂಲಕ ನುಸುಳಿಹೋಗಿ ಬಲೂನು ನೆಲಕ್ಕಿಳಿಯುವುದು.

ಜಲಜನಕವಾದರೋ ಅಗ್ಗ. ಕಾಸ್ಟಿಕ್ ಸೋಡದ ನೀರಿಗೆ ಅಲ್ಯೂಮಿನಿಯಂ ಚೂರುಗಳನ್ನು ಹಾಕಿದರೆ ಅದು ಬುಸುಗುಟ್ಟುತ್ತ ಹೊರಡುವುದು. ಜಾತ್ರೆಗಳಲ್ಲಿಯೂ ಬೀದಿಗಳಲ್ಲಿಯೂ ಕೆಲವರು ಹಳೆಯ ಕಬ್ಬಿಣದ ಉರುಳೆಗಳಲ್ಲಿ ಹೀಗೆಯೇ ಅದನ್ನು ಹುಟ್ಟಿಸಿ ಬಲೂನಿಗೆ ತುಂಬುವರು. ಆ ಉರುಳೆಯು ಮುಟ್ಟಿದರೆ ಬಿಸಿಯಾಗಿರುವುದು. ಒಳಗಿನ ಒತ್ತಡವನ್ನು ಅಳೆಯುವ ಸಾಧನವೊಂದೂ ಇರುವುದಿಲ್ಲ. ನಮ್ಮ ದೇಶದಲ್ಲಿ ಅವು ಸಿಡಿದು ಮಾರುವವನೂ ಸುತ್ತಲಿನ ಮಕ್ಕಳೂ ಮಡಿದುದುಂಟು. ಗಾಳಿಯಲ್ಲಿ ನೂರಕ್ಕೆ ೪ರಿಂದ ೭೫ರವರೆಗೆ ಎಷ್ಟು ಬೆರೆತಿದ್ದರೂ ಜಲಜನಕಕ್ಕೆ ಒಂದು ಕಿಡಿ ಸಾಕು. ೧೯೩೭ರ ಮೇ ೬ರಂದು ಅಮೆರಿಕದ ಲೇಕ್‌ಹರ್ಸ್ಟ್‌ನಲ್ಲಿ ಜಲಜನಕ ತುಂಬಿದ 'ಹಿಂಡನ್‌ಬರ್ಗ್' ಎಂಬ ವಾಯುನೌಕೆಯು ಇಳಿಯುವ ಹೊತ್ತಿನಲ್ಲಿ ಹತ್ತಿಕೊಂಡು ಒಂದು ನಿಮಿಷವೂ ಹಿಡಿಯದೆ ಬೂದಿಯಾಯಿತು. ೩೬ ಮಂದಿ ಸತ್ತರು. ಎತ್ತುವ ಶಕ್ತಿಯಲ್ಲಿ ಜಲಜನಕವು ಹೀಲಿಯಮ್ಮಿಗಿಂತ ನೂರಕ್ಕೆ ಎಂಟರಷ್ಟು ಮಾತ್ರ ಮೇಲು. ಅದನ್ನು ತುಂಬುವವರು ತುಂಬುವುದು ಅಗ್ಗವೆಂಬ ಒಂದೇ ಕಾರಣಕ್ಕೆ.

ಇದನ್ನು ಇಷ್ಟು ವಿಸ್ತರಿಸಿ ಹೇಳಲು ನಮಗೆ ಕಾರಣವುಂಟು. ಕೆಲವು ವರ್ಷಗಳ ಹಿಂದೆ ನಮ್ಮ ಬಂಧುಗಳೊಬ್ಬರ ಮನೆಯ ಗೃಹಪ್ರವೇಶಕ್ಕೆ ಬೀದಿಯ ಮಾರಾಟಗಾರನೊಬ್ಬನಿಂದ ಹಾರುವ ಬಲೂನುಗಳ ಒಂದು ದೊಡ್ಡ ಗೊಂಚಲನ್ನು ತಂದು ನಡುಮನೆಯಲ್ಲಿ ಬಿಟ್ಟಿದ್ದರು. 'ಹೀಲಿಯಂ' ಎಂದೇ ಅವನು ಹೇಳಿ ಕೊಟ್ಟುದು. ಹಸೆಯ ಮೇಲೆ ಕುಳಿತ ದಂಪತಿಗಳಿಗೆ ಆರತಿ ಎತ್ತುವಾಗ ಹುಡುಗನೊಬ್ಬನು ಆಟಕ್ಕೆ ದಾರಗಳನ್ನು ಎಳೆದನು. ಗೊಂಚಲು ಕೆಳಗಿಳಿದು ಬತ್ತಿಗೆ ತಾಗಿತು. ಸದ್ದಿಗಿಂತ ಮೊದಲು ಬೆಳಕು ಬಂದಿತು. ಅಷ್ಟನ್ನು ಮಾತ್ರ ನಾವು ಕಂಡೆವು. ಆರತಿ ಹಿಡಿದಿದ್ದವಳು ನಮ್ಮ ತಂಗಿ. ಹುಬ್ಬು, ಮುಂದಲೆಯ ಕೂದಲು, ಬಲಗೈಯ ಹೊರಮೈ ಸುಟ್ಟುವು. ಕೈ ವಾಸಿಯಾಗಲು ಎರಡು ತಿಂಗಳು ಹಿಡಿಯಿತು. ಈಗಲೂ ಆ ಕೈಯ ಮೂರು ಬೆರಳುಗಳು ಪೂರ್ಣವಾಗಿ ಮಡಿಸವು. ಅಂದು ಆಕೆಯು ತಟ್ಟೆಯನ್ನು ಕೈಬಿಡಲಿಲ್ಲ. ಬಿಟ್ಟಿದ್ದರೆ ಕೆಳಗೆ ಕುಳಿತಿದ್ದ ಮಕ್ಕಳ ಮೇಲೆ ಎಣ್ಣೆ ಬೀಳುತ್ತಿತ್ತು. ನಮ್ಮ ಮನೆಗಳಲ್ಲಿ ದೀಪವಿಲ್ಲದ ಶುಭಕಾರ್ಯವುಂಟೆ? ಕೇಕು ಕತ್ತರಿಸುವ ಹೊಸ ಆಚಾರದಲ್ಲಿಯೂ ಮೇಣದ ಬತ್ತಿಯಿದೆ.

ಆದುದರಿಂದ ಮೊಮ್ಮಗಳ ಹಬ್ಬದ ದಿನ ನಾವು ಹಿರಿಯ ತರುಣನನ್ನು ಪರೀಕ್ಷಾರ್ಥವಾಗಿ ಕೇಳಿದೆವು: "ಏನಪ್ಪಾ, ಹಾರುವ ಬಲೂನು ಇಲ್ಲವೆ? ಮಕ್ಕಳಿಗೆ ಅದೇ ಸಂತೋಷ." ಆತನು ಕೈಯ ಕೆಲಸವನ್ನು ನಿಲ್ಲಿಸಿ, "ಅಕ್ಕನೂ ಕೇಳಿದರು ಸಾರ್. ನಿಜವಾದ ಹೀಲಿಯಂ ಬೆಂಗಳೂರಿಂದ ತರಿಸಬೇಕು, ಖರ್ಚು ಜಾಸ್ತಿ. ಇನ್ನೊಂದು ಗ್ಯಾಸನ್ನ ದ್ವೀಪ ಹಚ್ಚೋ ಕಡೆಗೆ ನಾವು ತರೋದಿಲ್ಲ. ಬೇಕೇ ಬೇಕು ಅಂದರೆ ಬೇರೆಯವರನ್ನ ನೋಡಿಕೊಳ್ಳಿ ಅಂತ ಹೇಳಿಬಿಟ್ಟೆ," ಎಂದನು. ದೀಪವನ್ನು ದ್ವೀಪವೆಂದುದನ್ನು ನಾವು ತಿದ್ದಲಿಲ್ಲ. ಮೂವತ್ತು ವರ್ಷಗಳಲ್ಲಿ ಅದೇ ಮೊದಲು. ಸೊಸೆಯ ಬಯಕೆಯನ್ನೂ ಆತನು ಕೆಡಿಸಲಿಲ್ಲ. ಗಾಳಿ ತುಂಬಿದ ಬಲೂನುಗಳನ್ನೇ ಚಾವಣಿಗೆ ಅಂಟಿಸಿ, ಪ್ರತಿಯೊಂದರಿಂದಲೂ ಒಂದು ಬಣ್ಣದ ಪಟ್ಟಿಯನ್ನು ಇಳಿಬಿಟ್ಟನು. ಕೆಳಗಿನಿಂದ ನೋಡಿದವರು ಹಾರಿಹೋಗಿ ತಾಗಿದುವೆಂದೇ ತಿಳಿದರು.

ಗೃಹಸ್ಥರು ಬಲೂನಿನವರನ್ನು ಕರೆಯುವಾಗ ಬೆಲೆಯನ್ನು ಕೇಳುವ ಮೊದಲು ಈ ಪ್ರಶ್ನೆಯನ್ನೇ ಕೇಳಬೇಕೆಂದು ನಮ್ಮ ಅಭಿಪ್ರಾಯ. ಹಾರುವ ಬಲೂನು ಬೇಕೆನ್ನುವವರು ಅನಿಲವು ಕಾರ್ಖಾನೆಯಿಂದ ಹೆಸರುಪಟ್ಟಿಯೊಡನೆ ಬಂದ ಸಿಲಿಂಡರಿನಿಂದ ಬರುವುದೋ, ಕೈಯಲ್ಲಿ ಬೇಯಿಸಿದ ಉರುಳೆಯಿಂದ ಬರುವುದೋ ಎಂಬುದನ್ನು ಕಣ್ಣಾರೆ ನೋಡತಕ್ಕದ್ದು. ಎರಡನೆಯದಾದರೆ ಅಂಗಳಕ್ಕೂ ಸೇರಿಸಕೂಡದು. ಮೊದಲನೆಯದಾದರೂ ಒತ್ತಡದಲ್ಲಿ ತುಂಬಿದ ಸಿಲಿಂಡರು ಭಾರಿ ವಸ್ತು. ನೆಟ್ಟಗೆ ನಿಲ್ಲಿಸಿ ಕಂಬಕ್ಕೆ ಸರಪಳಿ ಬಿಗಿದು, ಮಕ್ಕಳನ್ನು ದೂರವಿಡಬೇಕು. ಅದರ ಅನಿಲವನ್ನು ಕುಡಿದು ಕೀಚಲು ದನಿಯಲ್ಲಿ ಮಾತನಾಡುವ ಹುಡುಗಾಟವೂ ಸಲ್ಲದು. ಶ್ವಾಸಕೋಶದಲ್ಲಿ ಪ್ರಾಣವಾಯು ಇರಬೇಕಾದ ಸ್ಥಳವನ್ನು ಅದು ಹಿಡಿಯುವುದು. ಬರಿಯ ಗಾಳಿಯ ಬಲೂನಿಗಾದರೂ ದೀಪದಿಂದ ನಾಲ್ಕು ಮಾರು ದೂರವಿದ್ದರೆ ಒಳ್ಳೆಯದು.

ಈಗ ನಮ್ಮ ಬಾಲ್ಯದ 'ಟಪ್' ಆಟದ ಮಾತು. ಒಡೆದ ಚೂರನ್ನು ಹೀರುವಾಗ ಅದು ಗಂಟಲಿಗೆ ಜಾರಿದರೆ ಶ್ವಾಸನಾಳದ ಬಾಯಿಗೆ ಮುಚ್ಚಳದಂತೆ ಅಂಟಿಕೊಳ್ಳುವುದು. ಗೋಲಿಯಂತೆ ಅದು ಬೆನ್ನು ಗುದ್ದಿದರೆ ಸುಲಭವಾಗಿ ಹೊರಬೀಳದು. ಎಂಟು ವರ್ಷದೊಳಗಿನ ಮಕ್ಕಳ ಕೈಗೆ ಊದದ ಬಲೂನನ್ನಾಗಲಿ ಒಡೆದ ಚೂರನ್ನಾಗಲಿ ಕೊಡಬಾರದೆಂದು ಅನೇಕ ಪೊಟ್ಟಣಗಳ ಮೇಲೆ ಸಣ್ಣಕ್ಷರದಲ್ಲಿ ಅಚ್ಚುಮಾಡಿರುವರು, ಸಣ್ಣಕ್ಷರವನ್ನು ಓದುವವರಾರು? ಮಂಟಪದ ಹಿಂದೆ ಎಸೆದ ಚೂರುಗಳು ಹಸುಗಳ ಹೊಟ್ಟೆ ಸೇರುವುದೂ ಉಂಟು. ಹಾಲನ್ನೇ ನೆಚ್ಚಿರುವ ನಮ್ಮ ಜಿಲ್ಲೆಯಲ್ಲಿ ಅದು ಅಲ್ಪವಲ್ಲ. ರಬ್ಬರು ಮರದ ಹಾಲೇ ಆದರೂ ಗಂಧಕ ಬಣ್ಣಗಳು ಸೇರಿದ ಮೇಲೆ ಅದು ಎಲೆಯಂತೆ ಬೇಗ ಮಣ್ಣಾಗದು. ಬೆಳ್ಳಿಯಂತೆ ಹೊಳೆಯುವ ಅಕ್ಷರ ಅಂಕಿಗಳ ಬಲೂನುಗಳಾದರೋ ಪ್ಲಾಸ್ಟಿಕ್ಕು, ಮಣ್ಣಾಗುವುದೇ ಇಲ್ಲ.

ಸಂಜೆ ಜನ ಬಂದರು. ಬಾಗಿಲಲ್ಲಿ ನಮ್ಮ ಮಾವಿನೆಲೆಯ ತೋರಣವೂ ಬಾಳೆಕಂದುಗಳೂ ಇದ್ದುವು. ಸೊಸೆಯು ಅವುಗಳನ್ನೂ ತರಿಸಿದ್ದಳೆಂಬುದು ನಮಗೆ ಆಗಲೇ ತಿಳಿದುದು. ವೇದಿಕೆಯ ಮೇಲೆ ಕೆನೆ, ಗುಲಾಬಿ, ಎಳೆಹಸಿರು ಬಣ್ಣಗಳ ಮಾಲೆ ಎಡಗಂಬದಿಂದ ಇಳಿದು ನೆಲದ ಮೇಲೆ ಹರಿದಿತ್ತು. ನಮ್ಮ ತಂಗಿಯು ಬಂದವಳು ಬಾಗಿಲಲ್ಲಿಯೇ ನಿಂತು ಚಾವಣಿಯನ್ನು ನೋಡಿದಳು. ನಾವು ಹತ್ತಿರ ಹೋಗಿ, "ಬರಿಯ ಗಾಳಿ, ಅಂಟಿಸಿರುವುದು," ಎಂದೆವು. ಆಮೇಲೆ ಒಳಗೆ ಬಂದಳು. ಮಗುವಿಗೆ ಆರತಿ ಎತ್ತಿದವಳೂ ಅವಳೇ.

ಹತ್ತೂವರೆಗೆ ಊಟಗಳು ಮುಗಿದು ಜನ ಕರಗಿದರು. ಮಗುವು ಅಜ್ಜಿಯ ತೊಡೆಯ ಮೇಲೆ ನಿದ್ರೆಹೋಗಿತ್ತು. ಅಲಂಕಾರವನ್ನು ಬಿಚ್ಚಲು ಬಂದ ಮೂವರಲ್ಲಿ ಕಿರಿಯವನು ಜೇಬಿನಿಂದ ಸೂಜಿ ತೆಗೆದನು. ಹಿರಿಯವನು ಕಣ್ಣಿನಿಂದಲೇ ಮಗುವನ್ನು ತೋರಿಸಿ ಅವನ ಕೈಗೆ ಒಂದು ಚಿಕ್ಕ ಕತ್ತರಿಯನ್ನು ಕೊಟ್ಟನು. ಬಲೂನಿನ ಕುತ್ತಿಗೆಯನ್ನು ಗಂಟಿನ ಬಳಿ ಎಳೆದು ಹಿಡಿದು, ಅಲ್ಲಿ ಒಂದು ಕಚ್ಚು ಹಾಕಿದರೆ ಸದ್ದಾಗುವುದಿಲ್ಲ. ಗಾಳಿ 'ಉಸ್ಸೆಂದು' ಹೋಗಿ ರಬ್ಬರು ಬೆರಳಿಗೆ ಜೋತುಬೀಳುವುದು. ಒಂದೊಂದಾಗಿ ಬಿಡಿಸುತ್ತ, ಚೂರು ನೆಲಕ್ಕೆ ಬೀಳದಂತೆ ಚೀಲಕ್ಕೆ ಹಾಕುತ್ತ, ಹನ್ನೊಂದೂವರೆಯವರೆಗೆ ಮೂವರೂ ಕುಳಿತರು. ನಾವು ಸಾಮಾನು ಕಾಯುತ್ತ ಅಲ್ಲಿಯೇ ಇದ್ದೆವು. ಮಗು ಏಳಲಿಲ್ಲ.